ಪದಚರ್ಚೆ: ಬ್ಲೀಡರ್ ರೆಸಿಸ್ಟರ್‌ಗೆ ‘ಬಸಿ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ರಾಜಾಜಿನಗರದಲ್ಲಿ ನಾವು ಕೆಲವರು ಸೇರಿ ಪಿಯು ಮಕ್ಕಳಿಗೆ ಚಿಕ್ಕದೊಂದು ಟೆಸ್ಲಾ ಕಾಯಿಲ್ (ಹೈವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ತಂತಿ ಸುರುಳಿ) ಕಟ್ಟುವುದನ್ನು ಹೇಳಿಕೊಡುತ್ತಿದ್ದೇವೆ. ಅದರ ಪವರ್ ಸಪ್ಲೈಗೆ ಕನ್ನಡದಲ್ಲಿ ಒಂದು ಎಚ್ಚರಿಕೆಯ ಹಾಳೆ ಬರೆಯುವ ಕೆಲಸ ನನ್ನದು. ಬರುವವರಲ್ಲಿ ಕನ್ನಡ ಮಾಧ್ಯಮದವರೇ ಜಾಸ್ತಿ. ಕೆಲವು ಕಡೆ ಸರಿಯಾದ ಮಾತು ಸಿಗದೆ ನಿಂತಿದ್ದೇನೆ. ಓದಿದವರು ತಪ್ಪಾಗಿ ತಿಳಿದುಕೊಂಡರೆ ಜೀವಕ್ಕೇ ಅಪಾಯ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಇದು ಟ್ರಾನ್ಸಿಸ್ಟರ್‌ಗಳಿಂದ ನಡೆಯುವ ಕಾಯಿಲ್. ಮನೆಯ 230 ವೋಲ್ಟ್ ಎಸಿಯನ್ನು ರೆಕ್ಟಿಫೈಯರ್ ಹಾಕಿ ಡಿಸಿ ಮಾಡಿದರೆ, ಚಾರ್ಜ್ ತುಂಬಿಟ್ಟುಕೊಳ್ಳುವ ಭಾಗವಾದ ಕೆಪಾಸಿಟರ್ ಎಸಿ ಅಲೆಯ ತುದಿಯಷ್ಟು, ಅಂದರೆ ಸುಮಾರು 325 ವೋಲ್ಟ್‌ವರೆಗೆ ತುಂಬಿಕೊಳ್ಳುತ್ತದೆ. ನಾವು ಹಾಕುವುದು 1000 ಮೈಕ್ರೋಫ್ಯಾರಡ್, 450 ವೋಲ್ಟ್‌ನ ಕೆಪಾಸಿಟರ್. 325 ವೋಲ್ಟ್‌ನಲ್ಲಿ ಅದರೊಳಗೆ ಹತ್ತಿರ ಹತ್ತಿರ 53 ಜೌಲ್ ಶಕ್ತಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಇರುತ್ತದೆ.

ಇಲ್ಲೇ ನನಗೆ ಮೊದಲ ತೊಡಕು. ನಾವು ಬೆಂಗಳೂರಿನಲ್ಲಿ ಎಲ್ಲಕ್ಕೂ ‘ಕರೆಂಟ್’ ಅಂತೀವಿ. ಸಪ್ಲೈಯೂ ಕರೆಂಟ್, ವೋಲ್ಟೇಜೂ ಕರೆಂಟ್, ಶಾಕ್ ಹೊಡೆದರೂ ‘ಕರೆಂಟ್ ಹೊಡೀತು’. ‘ಕರೆಂಟ್ ಆಫ್ ಮಾಡಿದೀನಿ’ ಅಂದರೆ ಇನ್ನು ಮುಟ್ಟಬಹುದು ಅಂತಲೇ ಅರ್ಥ. ಫ್ಯಾನಿಗೋ ಬಲ್ಬಿಗೋ ಅದು ನಡೆಯುತ್ತದೆ. ಕೆಪಾಸಿಟರ್ ಇರುವ ಕಡೆ ನಡೆಯುವುದಿಲ್ಲ. ಹಾಗಾಗಿ ಹಾಳೆಯಲ್ಲಿ ‘ಕರೆಂಟ್’ ಅನ್ನುವ ಪದವನ್ನೇ ಬಿಟ್ಟಿದ್ದೇನೆ. ‘ಪ್ಲಗ್ ಕಿತ್ತರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ’ ಎಂದು ಬರೆದೆ. ಮೊಬೈಲ್ ದೆಸೆಯಿಂದ ‘ಚಾರ್ಜ್’ ಎಲ್ಲರಿಗೂ ಗೊತ್ತು. ಪಠ್ಯಪುಸ್ತಕದ ‘ವಿದ್ಯುದಾವೇಶ’ ಪರೀಕ್ಷೆಗೆ ಸರಿ, ಆದರೆ ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿದವರ ತಲೆಗೆ ಅದು ತಟ್ಟನೆ ಹೊಳೆಯುವುದಿಲ್ಲ. ಚಾರ್ಜ್ ಇಳಿಸುವುದಕ್ಕೆ (ಡಿಸ್ಚಾರ್ಜ್) ‘ವಿಸರ್ಜನೆ’ಯೂ ಬೇಡ ಅನ್ನಿಸಿತು. ಅದು ಗಣೇಶನಿಗೇ ಇರಲಿ.

ಈಗ ಮುಖ್ಯ ಪ್ರಶ್ನೆ. ಆ ಚಾರ್ಜನ್ನು ತಾನಾಗಿಯೇ ಇಳಿಸಲು ಕೆಪಾಸಿಟರ್‌ನ ಎರಡು ಕಾಲಿಗೂ ಅಡ್ಡವಾಗಿ ಒಂದು ರೆಸಿಸ್ಟರ್ (ರೋಧಕ) ಕೂಡಿಸುತ್ತಾರೆ, ಅದೇ ಬ್ಲೀಡರ್ ರೆಸಿಸ್ಟರ್. ಎಸ್‌ಪಿ ರೋಡ್‌ನಲ್ಲಿ ಈ ಹೆಸರು ಹೇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಮತ್ತೆ ಕೇಳುವುದು ‘ಎಷ್ಟು ಕೆ, ಎಷ್ಟು ವ್ಯಾಟ್?’ ಅಂತ. ನಮ್ಮದು 47 ಕೆ (ಕಿಲೋ ಓಮ್), 5 ವ್ಯಾಟ್. ಬಿಳಿ ಪಿಂಗಾಣಿಯ ಉದ್ದನೆ ಇಟ್ಟಿಗೆಯಂಥದ್ದು, ಎರಡು ತುದಿಗೂ ತಂತಿ. ಸಪ್ಲೈ ಆನ್ ಇರುವಷ್ಟು ಹೊತ್ತೂ ಅದು 2.2 ವ್ಯಾಟ್‌ನಷ್ಟು ಶಾಖ ಬಿಡುತ್ತಿರುತ್ತದೆ, ಮುಟ್ಟಿದರೆ ಚುರ್ ಅನ್ನುತ್ತದೆ. ಕಾಲು ವ್ಯಾಟ್‌ನ ಪುಟಾಣಿ ಹಾಕಿದರೆ ಸುಟ್ಟು ಹೋಗುತ್ತದೆ, ಹೋಗಿದ್ದು ಹೊರಗೆ ಗೊತ್ತೇ ಆಗದಿರಬಹುದು. ಅದಕ್ಕೇ ಎರಡನ್ನು ಅಕ್ಕಪಕ್ಕ ಹಾಕಿಸುತ್ತೇವೆ. ಒಂದು ತುಂಡಾದರೂ ಇನ್ನೊಂದು ಕೆಲಸ ಮಾಡಲಿ ಅಂತ.

ಇದಕ್ಕೆ ನನಗೆ ಹೊಳೆದದ್ದು ‘ಬಸಿ’. ಹೊಲದ ಹೆಚ್ಚಿನ ನೀರು ಹೋಗಲು ತೋಡುವುದು ಬಸಿಗಾಲುವೆ. ನಮ್ಮ ಕಡೆಯ ಬಸ್ಸಾರೂ ಬಸಿದ ಸಾರೇ. ‘ಸೋರು’ ಬೇಡ ಅಂದುಕೊಂಡೆ, ಯಾಕೆಂದರೆ ಸೋರುವುದು ನಮಗೆ ಬೇಡದ್ದು, ಎಲ್ಲೋ ತೂತಾಗಿ ಆಗುವುದು. ಬಸಿಯುವುದು ನಾವೇ ಬೇಕೆಂದು ಮಾಡುವುದು. ಇನ್ನೊಂದು ಕಾರಣವೂ ಇದೆ. ಅನ್ನ ಬಸಿದಾಗ ಮೊದಲು ಗಂಜಿ ದಬದಬ ಇಳಿದು, ಆಮೇಲೆ ತೊಟ್ಟಿಕ್ಕಿ, ಕೊನೆಗೂ ಸ್ವಲ್ಪ ಪಸೆ ಉಳಿಯುತ್ತದಲ್ವಾ? ಚಾರ್ಜ್ ಇಳಿಯುವುದೂ ಹಾಗೇ. ಒಂದೇ ರೆಸಿಸ್ಟರ್ ಇದೆ ಅಂತ ಲೆಕ್ಕ ಹಾಕಿದರೆ 325ರಿಂದ 50 ವೋಲ್ಟ್‌ಗೆ ಬರಲು ಸುಮಾರು ಒಂದೂವರೆ ನಿಮಿಷ. ಎರಡು ವೋಲ್ಟ್ ಆಸುಪಾಸಿಗೆ ಬರಲು ನಾಲ್ಕು ನಿಮಿಷ ಕಾಯಬೇಕು. ‘ಬಸಿ’ ಅಂದರೆ ಕಾಯಬೇಕು ಅನ್ನುವುದು ಪದದೊಳಗೇ ಇದೆ. ಇದೇ ನನಗೆ ತುಂಬಾ ಹಿಡಿಸಿದ್ದು.

ತೊಂದರೆ ಎಂದರೆ ಸಮಾಸ ಮಾಡುವಾಗ. ‘ಬಸಿರೋಧಕ’ ಎಂದು ಬರೆದರೆ ‘ಬಸಿರು’ ನೆನಪಿಗೆ ಬಂದು ಅರ್ಥವೇ ಬೇರೆಯಾಗುತ್ತದೆ. ‘ಬಸಿ ರೆಸಿಸ್ಟರ್’ ಎಂದು ಬಿಡಿಸಿ ಬರೆದರೆ ಸಾಕೇ? ಅಥವಾ ‘ಚಾರ್ಜ್ ಬಸಿಯುವ ರೆಸಿಸ್ಟರ್’ ಎಂದು ಪೂರ್ತಿ ಹೇಳಬೇಕೇ? ನನ್ನ ಒಲವು ಮೊದಲ ಸಲ ಪೂರ್ತಿ ಬರೆದು, ಆಮೇಲೆ ಚಿಕ್ಕದು ಮಾಡುವುದರ ಕಡೆಗೆ. ಕೆಪಾಸಿಟರನ್ನು ‘ಧಾರಕ’ ಮಾಡುವ ಯೋಚನೆ ಇಲ್ಲ. ಫ್ಯಾನ್ ರಿಪೇರಿಯವರು ಅದನ್ನೇ ‘ಕಂಡೆನ್ಸರ್’ ಅನ್ನುತ್ತಾರೆ, ಆ ಹೆಸರನ್ನೂ ಪಕ್ಕದಲ್ಲಿ ಕೊಡುತ್ತೇನೆ.

ಇನ್ನೊಂದು ಉಳಿದಿದೆ. ಚಾರ್ಜ್ ಪೂರ್ತಿ ಇಳಿಸಿ ಸುಮ್ನೆ ಬಿಟ್ಟರೂ ಕೆಲವು ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತಿನ ಮೇಲೆ ವೋಲ್ಟೇಜ್ ತಾನೇ ಮತ್ತೆ ಕಾಣಿಸಿಕೊಳ್ಳುತ್ತದೆ. ಒಳಗಿನ ಇನ್ಸುಲೇಷನ್ ಪದರ ಹೀರಿಕೊಂಡದ್ದು ನಿಧಾನಕ್ಕೆ ಹೊರಗೆ ಬರುತ್ತದೆ, ಅಷ್ಟೇ. ದೊಡ್ಡ ಹೈವೋಲ್ಟೇಜ್ ಕೆಪಾಸಿಟರ್‌ಗಳ ಎರಡು ತುದಿಗೂ ತಂತಿ ಸುತ್ತಿ ಎತ್ತಿಡುವುದು ಇದಕ್ಕೇ. ನಾನು ‘ಚಾರ್ಜ್ ಮರುಕಳಿಸುತ್ತದೆ’ ಎಂದು ಬರೆದಿದ್ದೇನೆ. ಜ್ವರಕ್ಕೆ ಬಳಸುವ ಮಾತು, ಬೇಡದ್ದು ಮತ್ತೆ ಬರುವ ಎಚ್ಚರಿಕೆಯೂ ಅದರಲ್ಲಿದೆ. ‘ಮತ್ತೆ ಬರುತ್ತದೆ’ ಅಂದರೆ ಮಕ್ಕಳು ಯಾರೋ ಸ್ವಿಚ್ ಹಾಕಿದರು ಅಂದುಕೊಳ್ಳಬಹುದು.

ಹಾಳೆಯ ಸಾಲು ಈಗ ಹೀಗಿದೆ: ‘ಪ್ಲಗ್ ಕಿತ್ತು ಐದು ನಿಮಿಷ ಕಾಯಿರಿ. ಬಸಿ ರೆಸಿಸ್ಟರ್ ಇದೆ ಎಂದು ನಂಬಿ ಕೈ ಹಾಕಬೇಡಿ. ಮೀಟರ್ ಇಟ್ಟು ನೋಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಬೇಡಿ. ಚಾರ್ಜ್ ಮರುಕಳಿಸಬಹುದು, ಮುಟ್ಟುವ ಮುಂಚೆ ಮತ್ತೊಮ್ಮೆ ಅಳೆಯಿರಿ.’

ಕರಾವಳಿ ಮತ್ತು ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ. ನಿಮ್ಮಲ್ಲಿ ‘ಬಸಿ’ ಎಂದರೆ ಇದೇ ಅರ್ಥ ಬರುತ್ತದೆಯೇ? ಲೈನ್‌ಮನ್‌ಗಳು ಲೈನ್ ಕ್ಲಿಯರ್ (ಸಪ್ಲೈ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಂಡ ಮೇಲೂ ತಂತಿಗೆ ಅರ್ಥಿಂಗ್ ಕೊಟ್ಟು ಕೆಲಸ ಶುರು ಮಾಡುತ್ತಾರೆ. ಆಗ ತಂತಿಯಲ್ಲಿ ಉಳಿದಿರುವುದನ್ನು ಅವರು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಾರೆ? ಮನೆಯಲ್ಲಿ, ನೆಂಟರಲ್ಲಿ ಆ ಕೆಲಸದವರಿದ್ದರೆ ಕೇಳಿ ತಿಳಿಸಿ. ಅವರ ಮಾತು ಸಿಕ್ಕರೆ ನನ್ನದನ್ನು ತೆಗೆದು ಅದನ್ನೇ ಹಾಕುತ್ತೇನೆ.