ಕಾನ್ಫೆಡರೇಟ್ ಐದು ಡಾಲರ್ ನೋಟು: ಸಹಿ ಅಚ್ಚಿನದು, ಕೆಳ ಅಂಚು ಕತ್ತರಿಸಿದೆ. ಅಸಲಿಯೇ?

ಹಳೆನೋಟು: ನಮಸ್ಕಾರ. ರಿಚ್ಮಂಡ್ ಹತ್ತಿರದ ಹಳೆಯ ಸಾಮಾನುಗಳ ಸಂತೆಯಲ್ಲಿ ಈ ನೋಟು ಕೊಂಡೆ. ಅಮೆರಿಕದ ಅಂತರ್ಯುದ್ಧ ಕಾಲದಲ್ಲಿ ಬೇರೆಯಾದ ದಕ್ಷಿಣದ ರಾಜ್ಯಗಳ, ಅಂದರೆ ಕಾನ್ಫೆಡರೇಟ್ ಸರ್ಕಾರದ ಹೆಸರಿನದು, ಮೇಲೆ 1861ರ ಸೆಪ್ಟೆಂಬರ್ 2 ಎಂದಿದೆ. ಕಾಗದ ತೆಳುವಾಗಿ, ಬಟ್ಟೆಯಂತೆ ಮೆತ್ತಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಸಹಿಗಳೂ ಕ್ರಮಸಂಖ್ಯೆಯೂ ಚಿತ್ರದಷ್ಟೇ ಕಪ್ಪು. ಕೆಳಗಡೆ ಯಾರೋ ಚೌಕಟ್ಟಿಗೆ ತಾಗುವಂತೆ ಕತ್ತರಿಸಿದ್ದಾರೆ. ಇದು ಯಾವ ಕಾಲದ್ದು?

ಕಾಗದದ ಹಣ: ಸರ್, ಸರ್ಕಾರದ ನೋಟಂತೂ ಅಲ್ಲ. ಐದು ಡಾಲರ್ ನೋಟುಗಳಿಗೆ ಗುಮಾಸ್ತರು ಒಂದೊಂದಕ್ಕೂ ಕೈಯಿಂದಲೇ ಸಹಿ ಹಾಕುತ್ತಿದ್ದರು. ಆ ಶಾಯಿ ಈಗ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕಾಗದದೊಳಗೆ ಇಳಿದಿರುತ್ತದೆ. ಹಾಗೆಂದು ಈಗಿನ ಪ್ರತಿಯೆಂದು ಬಿಸಾಡಬೇಡಿ. ಈಗಿನ ಪ್ರತಿಗಳ ಕಾಗದ ಸಾಮಾನ್ಯವಾಗಿ ಹಳದಿಯಾಗಿ, ಗರಿಗರಿಯಾಗಿರುತ್ತದೆ.

ನನ್ನ ಗುಮಾನಿ ಫಿಲಡೆಲ್ಫಿಯಾದ ಅಂಗಡಿಕಾರ ಸ್ಯಾಮ್ಯುಯೆಲ್ ಅಪ್‌ಹ್ಯಾಮ್ ಮೇಲೆ. 1862ರ ಫೆಬ್ರವರಿಯಲ್ಲಿ ಅಲ್ಲಿನ ಪತ್ರಿಕೆಯೊಂದು ಕಾನ್ಫೆಡರೇಟ್ ಐದು ಡಾಲರ್ ನೋಟಿನ ಚಿತ್ರ ಪ್ರಕಟಿಸಿತು. ಅಪ್‌ಹ್ಯಾಮ್ ಆ ಅಚ್ಚಿನ ಪಡಿಯಚ್ಚನ್ನೇ ಕೊಂಡು 3,000 ಪ್ರತಿ ತೆಗೆಸಿ, ಒಂದೊಂದು ಸೆಂಟಿಗೆ ನೆನಪಿನ ಕಾಣಿಕೆಯೆಂದು ಮಾರಿದ. ಅಡಿಯಲ್ಲಿ 'ನಕಲು ಪ್ರತಿ' ಎಂಬ ಮಾತನ್ನೂ ತನ್ನ ಹೆಸರು, ವಿಳಾಸವನ್ನೂ ಮುದ್ರಿಸಿದ್ದ. ಹತ್ತಿ ಕಳ್ಳಸಾಗಣೆದಾರರಿಗೆ ಆ ಸಾಲನ್ನು ಕತ್ತರಿಸಿ ದಕ್ಷಿಣದಲ್ಲಿ ಚಲಾಯಿಸುವುದು ಸುಲಭವಾಯಿತು. ಬೆಲೆಯೇರಿಕೆಯಿಂದ ಬಸವಳಿದಿದ್ದ ಜನರ ಕೈಗೆ ಇವೂ ಸೇರಿದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಖೋಟಾ ನೋಟಿಗೆ ದಕ್ಷಿಣದ ಸರ್ಕಾರ ಮರಣದಂಡನೆ ವಿಧಿಸಿತ್ತು, ಆದರೆ ಅಪ್‌ಹ್ಯಾಮ್ ಇದ್ದದ್ದು ಉತ್ತರದಲ್ಲಿ. 1863ರ ಆಗಸ್ಟ್ ವರೆಗೆ 15 ಲಕ್ಷಕ್ಕೂ ಹೆಚ್ಚು ನೋಟು ಅಚ್ಚು ಹಾಕಿದೆನೆಂದು ಮುಂದೆ ಅವನೇ ಬರೆದ.

ಕತ್ತರಿಸಿದ ಅಂಚನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ.

ಹಳೆನೋಟು: ನೋಡಿದೆ! ಎಡ ಮೂಲೆಯಲ್ಲಿ ಕತ್ತರಿ ಸ್ವಲ್ಪ ಜಾರಿದೆ. ಅಲ್ಲಿ ಸಣ್ಣ ಅಕ್ಷರಗಳ ತಲೆಗಳು ಕೂದಲೆಳೆಯಷ್ಟು ಉಳಿದಿವೆ, ಮೊದಲನೆಯದು 'ಎಫ್' ಇರಬಹುದು.

ಕಾಗದದ ಹಣ: ಹಾಗಾದರೆ ಬಹುಮಟ್ಟಿಗೆ ಅದೇ. 'ನಕಲು ಪ್ರತಿ' ಎಂಬುದರ ಇಂಗ್ಲಿಷ್ ಪದ 'ಫ್ಯಾಕ್ಸಿಮಿಲಿ' ಶುರುವಾಗುವುದು ಆ ಅಕ್ಷರದಿಂದಲೇ. ಅಪ್‌ಹ್ಯಾಮ್ ನಕಲುಗಳನ್ನೇ ಹುಡುಕಿ ಕೂಡಿಡುವವರಿದ್ದಾರೆ. ಅಂಚನ್ನು ನೇರ ಮಾಡಲು ಹೋಗಬೇಡಿ, ಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಲೇಬೇಡಿ. ಪಿವಿಸಿ ಇಲ್ಲದ ಪಾಲಿಯೆಸ್ಟರ್ ಲಕೋಟೆಯಲ್ಲಿಡಿ. ಆ ಮೂಲೆಯ ಫೋಟೊ ಒಂದನ್ನು ಹತ್ತಿರದಿಂದ ತೆಗೆದು ಹಾಕುತ್ತೀರಾ?