ಸಹಾಯ ಬೇಕು: ಮಾತು ಬಿಟ್ಟ ಗಂಡ, ಸಾಕ್ಷಿಗೆ ಏನು ಕೊಡುವುದು?

ಎಲ್ಲರಿಗೂ ನಮಸ್ಕಾರ. ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ಭಾವ ಒಂದು ದಿನವೂ ಕೈ ಎತ್ತಿದವರಲ್ಲ, ಮಾತನ್ನೇ ನಿಲ್ಲಿಸಿಬಿಟ್ಟರು. ಒಂದೇ ಮನೆಯಲ್ಲಿ ನಾಲ್ಕು ವರ್ಷ, ಏನಾದರೂ ಹೇಳಬೇಕಿದ್ದರೆ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು: ‘ಗ್ಯಾಸ್ ಮುಗಿದಿದೆ’, ‘ನಿನ್ನ ಅಡುಗೆ ಬೇಡ’. ಆ ಹಾಳೆಗಳನ್ನು ಅಕ್ಕ ಎತ್ತಿಟ್ಟಿದ್ದಾಳೆ. ತವರಿಗೆ ಬಂದು ಏಳು ವರ್ಷವಾಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಭಾವ ಸಹಿ ಹಾಕುತ್ತಿಲ್ಲ. ಬೇಕೆಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ!

‘ಸಂಬಂಧ ಸರಿಪಡಿಸಲಾಗದಷ್ಟು ಮುರಿದಿದೆ’ ಎಂದಷ್ಟೇ ಅರ್ಜಿ ಹಾಕೋಣ ಎನ್ನುತ್ತಾರೆ ನಮ್ಮ ವಕೀಲರು. ಆದರೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣವೇ ಇಲ್ಲ. 2023ರ ತೀರ್ಪಿನಂತೆ ಸುಪ್ರೀಂ ಕೋರ್ಟ್ ಮಾತ್ರ ಸಂವಿಧಾನದ 142ನೇ ವಿಧಿ ಕೊಟ್ಟ ವಿಶೇಷ ಅಧಿಕಾರದಡಿ ಹಾಗೆ ವಿಚ್ಛೇದನ ಕೊಡಬಹುದು. ಕೌಟುಂಬಿಕ ನ್ಯಾಯಾಲಯದಲ್ಲಿ 13ನೇ ಸೆಕ್ಷನ್ ಅಡಿ ಕ್ರೌರ್ಯವನ್ನೇ ಸಾಬೀತುಪಡಿಸಬೇಕಲ್ಲವೇ? ದೀರ್ಘಕಾಲ ಬೇರೆಯಾಗಿರುವುದೂ ಮಾನಸಿಕ ಕ್ರೌರ್ಯವಾಗಬಹುದು ಎಂದು ಸುಪ್ರೀಂ ಕೋರ್ಟಿನ 2007ರ ಸಮರ್ ಘೋಷ್ ಪ್ರಕರಣದ ತೀರ್ಪಿನಲ್ಲಿದೆ. ಅದನ್ನೇ ಹಿಡಿದು ಹೋಗಬಹುದೇ?

ಇಂಥ ಪ್ರಕರಣ ನಡೆಸಿದವರು ದಯವಿಟ್ಟು ತಿಳಿಸಿ. ಕ್ಯಾಲೆಂಡರಿನ ಬರಹ, ಪಕ್ಕದ ಮನೆಯವರ ಸಾಕ್ಷಿ ನಿಲ್ಲುತ್ತವೆಯೇ? ಪೆನ್ಸಿಲಿನ ಅಕ್ಷರ ಆಗಲೇ ಮಾಸುತ್ತಿದೆ.