ಸರ್ಕಾರಿ ಸೈಬರ್ ಭದ್ರತಾ ಎಂಜಿನಿಯರ್ ಕೆಲಸ: ಖಾಸಗಿ ನೌಕರಿ ಬಿಟ್ಟು ಸೇರಬಹುದೇ?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸಿನಲ್ಲಿ ಬಿ.ಇ. ಮುಗಿಸಿರುವ ನಾನು, ನಾಲ್ಕು ವರ್ಷಗಳಿಂದ ಬೆಂಗಳೂರಿನ ಖಾಸಗಿ ಕಂಪನಿಯೊಂದರ ಭದ್ರತಾ ನಿಗಾ ಕೇಂದ್ರದಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಸರ್ಕಾರಿ ಕಚೇರಿಗಳ ಗಣಕ ವ್ಯವಸ್ಥೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎನ್‌ಐಸಿಯ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಆರಂಭಿಕ ಅಧಿಕಾರಿ ಹುದ್ದೆಯಾದ ಸೈಂಟಿಸ್ಟ್-ಬಿಗೆ ಪ್ರಯತ್ನಿಸಬೇಕೆಂಬ ಮನಸ್ಸಿದೆ. ಸಂಬಳ ಕಡಿಮೆಯಾಗುವುದು ಗೊತ್ತಿದ್ದೇ ನಿರ್ಧರಿಸುತ್ತಿದ್ದೇನೆ. ನನ್ನ ಅಳುಕು ಬೇರೆ: ಅಲ್ಲಿ ಸೇರಿದ ಮೇಲೆ ಕಲಿತ ವಿದ್ಯೆಗೆ ತುಕ್ಕು ಹಿಡಿದು, ಟಿಪ್ಪಣಿ ಬರೆದು ಕಡತ ದಾಟಿಸುವುದೇ ಕೆಲಸವಾಗಿಬಿಡುತ್ತದೆಯೇ? ಒಳಗಿರುವವರು ದಯವಿಟ್ಟು ತಿಳಿಸಿ.

ಹಳೇಸರ್ವರ್:
ಹತ್ತೊಂಬತ್ತು ವರ್ಷಗಳಿಂದ ಸರ್ಕಾರಿ ವ್ಯವಸ್ಥೆಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಕಡತ ಇದ್ದೇ ಇರುತ್ತದೆ. ಆದರೆ ಅದನ್ನು ವಿದ್ಯೆಯಿಂದ ಬೇರೆಯಾದದ್ದು ಎಂದು ತಿಳಿಯಬೇಡಿ. ಕೆಲವು ವರ್ಷಗಳ ಹಿಂದೆ ಇಲಾಖೆಯೊಂದರ ಸರ್ವರಿಗೆ ಯಾರೋ ನುಗ್ಗಿದ್ದು ತಿಳಿದು ನಮ್ಮನ್ನು ಕರೆಸಿದರು. ಹೊರಗಿನವರು ಬಂದು ಮೂರು ವಾರವಾದರೂ ಆಗಿರಬೇಕು ಎಂಬುದಕ್ಕೆ ಕುರುಹುಗಳಿದ್ದವು, ಆದರೆ ಡಿಸ್ಕಿನಲ್ಲಿ ಜಾಗ ಸಾಲದೆಂದು ಲಾಗ್‌ಗಳನ್ನು (ಸರ್ವರಿನಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆ) ಹನ್ನೊಂದು ದಿನಕ್ಕೊಮ್ಮೆ ಅಳಿಸುವಂತೆ ಹೊಂದಿಸಿಟ್ಟಿದ್ದರು. ರಾತ್ರಿ ಎರಡು ಗಂಟೆಗೆ ಆ ಲಾಗಿನ ಮೊದಲ ಸಾಲಿನ ಮುಂದೆ ಕುಳಿತು, ಅದರ ಹಿಂದಿನದೇನೂ ಸಿಗದೆ ಕೈಚೆಲ್ಲಿದ ಹೊತ್ತು ಇವತ್ತಿಗೂ ನೆನಪಿದೆ. ಹೆಚ್ಚುವರಿ ಡಿಸ್ಕಿಗಾಗಿ ನಾನು ಬರೆದ ಟಿಪ್ಪಣಿಗೆ ಮಂಜೂರಾತಿ ಸಿಗಲು ಏಳು ತಿಂಗಳು ಹಿಡಿಯಿತು. 2022ರ ಏಪ್ರಿಲ್‌ನಲ್ಲಿ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಬಂದ ಮೇಲೆ 180 ದಿನಗಳ ಲಾಗ್ ಇಡುವುದೂ, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡುವುದೂ ಕಡ್ಡಾಯವಾದ್ದರಿಂದ, ಈಗ ಅಂಥ ಟಿಪ್ಪಣಿಗೆ ತೂಕವಿದೆ.

ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನಲ್ಲಿ ನಡೆದದ್ದನ್ನೂ ನೋಡಿ. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ದಾಳಿಕೋರರ ಬೀಗಕ್ಕೆ ಸಿಕ್ಕಿ, ರೋಗಿಗಳ ನೋಂದಣಿಯನ್ನು ದಿನಗಟ್ಟಲೆ ಕೈಬರಹದಲ್ಲಿ ಮಾಡಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದೇ (ಒಂದು ಭಾಗಕ್ಕೆ ನುಗ್ಗಿದವರು ಉಳಿದ ಭಾಗಗಳಿಗೂ ಹೋಗದಂತೆ ಬೇರ್ಪಡಿಸದಿದ್ದುದೇ) ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಪಾಳಿಯಲ್ಲಿ ನೀವು ದಿನವೂ ನೋಡುವಷ್ಟು ಸಾಧಾರಣ ಲೋಪವದು. ಅದನ್ನು ಮೊದಲೇ ಗುರುತಿಸಿ, ಬರೆದು, ಬೆನ್ನು ಹತ್ತಿ ಸರಿಪಡಿಸುವವರು ಒಳಗೆ ಬೇಕು.

ವೇತನದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸೈಂಟಿಸ್ಟ್-ಬಿ ಎಂದರೆ ಏಳನೇ ವೇತನ ಆಯೋಗದ ಲೆವೆಲ್ 10, ತಿಂಗಳ ಮೂಲವೇತನ 56,100 ರೂಪಾಯಿಯಿಂದ ಆರಂಭ, ಭತ್ಯೆಗಳು ಬೇರೆ. ಬಡ್ತಿಗೆ ಮೇಲಿನ ಹುದ್ದೆ ಖಾಲಿಯಾಗುವುದನ್ನು ಕಾಯಬೇಕಿಲ್ಲ. ನಿಗದಿತ ವರ್ಷಗಳ ಸೇವೆಯ ನಂತರ ಕೆಲಸದ ಮೌಲ್ಯಮಾಪನ ಮತ್ತು ಸಂದರ್ಶನದ ಮೇಲೆ ಕೊಡುತ್ತಾರೆ.

ಆಡಿಟ್‌ಅಕ್ಕ:
ನಾನು ಸರ್ಟ್-ಇನ್ ಮಾನ್ಯತೆ ಪಡೆದ ಸಂಸ್ಥೆಯ ಪರವಾಗಿ ಸರ್ಕಾರಿ ಜಾಲತಾಣಗಳ ಆಡಿಟ್ ಮಾಡುತ್ತೇನೆ. ಹಳೇಸರ್ವರ್ ಅವರ ಮಾತಿಗೆ ಒಂದು ಸೇರ್ಪಡೆ. ತಂತ್ರಾಂಶದ ದೋಷಗಳನ್ನು ನಾವು ವಾರದಲ್ಲಿ ಹುಡುಕಿ ಕೊಟ್ಟುಬಿಡುತ್ತೇವೆ. ನಮ್ಮ ವರದಿಗೆ ಸಿಗದ ದೋಷಗಳು ಮೇಜಿನ ಮೇಲಿರುತ್ತವೆ. ಒಂದು ಕಚೇರಿಯಲ್ಲಿ ಅಧಿಕಾರಿಯ ಡಿಜಿಟಲ್ ಸಹಿಯ ಡಾಂಗಲ್ (ಯುಎಸ್‌ಬಿ ಸಾಧನ) ಬೆಳಗಿನಿಂದ ಸಂಜೆಯವರೆಗೆ ಆಪರೇಟರ್‌ನ ಕಂಪ್ಯೂಟರಿನಲ್ಲೇ ಚುಚ್ಚಿಕೊಂಡಿತ್ತು, ಅದರ ಪಿನ್ ಅನ್ನು ಕೀಬೋರ್ಡಿನ ತಳಕ್ಕೆ ಚೀಟಿಯಲ್ಲಿ ಅಂಟಿಸಿದ್ದರು. ಆ ಹುಡುಗನನ್ನು ದೂರಲಾರೆ. ಹೊರಗೆ ಜನರ ಸಾಲಿತ್ತು, ಸಾಹೇಬರು ಸಭೆಗೆ ಹೋಗಿದ್ದರು.

ನಮ್ಮ ರಾಜ್ಯದಲ್ಲಿ ಇದನ್ನು ಬಹಳ ಹಿಂದೆಯೇ ಯೋಚಿಸಿದವರಿದ್ದಾರೆ. ಎನ್‌ಐಸಿ ಎಂಜಿನಿಯರ್‌ಗಳು ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶ ರೂಪಿಸಿದಾಗ, ಪಾಸ್‌ವರ್ಡ್ ಒಂದನ್ನೇ ನೆಚ್ಚದೆ ಬೆರಳಚ್ಚಿನ ಲಾಗಿನ್ ಇಟ್ಟರು. ಪಹಣಿಯಲ್ಲಿ ಹೆಸರು ಬದಲಾದರೆ "ಅದು ನಾನು ಮಾಡಿದ್ದಲ್ಲ" ಎಂದು ಯಾರೂ ಜಾರಿಕೊಳ್ಳಬಾರದು ಎಂಬುದೇ ಅದರ ಉದ್ದೇಶ. ಕೆಲಸ ಹೇಗೆ ನಡೆಯುತ್ತದೆಂದು ಕಚೇರಿಗೆ ಹೋಗಿ ನೋಡಿದವರಿಗೆ ಮಾತ್ರ ಹೊಳೆಯುವ ಪರಿಹಾರವಿದು ಎಂದು ನನ್ನ ಅಭಿಪ್ರಾಯ.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ನಮ್ಮ ತಂದೆ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ, ಆದರೆ ಅದರ ಹಿಂದೆ ಭದ್ರತೆಯ ಪ್ರಶ್ನೆಯಿದೆ ಎಂದು ಯೋಚಿಸಿರಲಿಲ್ಲ. ಎನ್‌ಐಸಿ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲವಲ್ಲ, ಅಲ್ಲಿಯವರೆಗೆ ಏನು ಮಾಡಲಿ?

ಹಳೇಸರ್ವರ್:
ಈಗಿರುವ ಕೆಲಸ ಬಿಡಬೇಡಿ. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ (ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ) ಗುತ್ತಿಗೆಯ ಮೇಲೆ ಯೋಜನಾ ಎಂಜಿನಿಯರ್‌ಗಳನ್ನು ತೆಗೆದುಕೊಳ್ಳುತ್ತಾರೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳೂ ಇಲ್ಲೇ ಇವೆ. ಆ ಅಧಿಸೂಚನೆಗಳ ಮೇಲೂ ಕಣ್ಣಿಡಿ. ಪರೀಕ್ಷೆಗೆ ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್ ಇವುಗಳ ಬುನಾದಿಯನ್ನು ಮತ್ತೆ ಓದಿಕೊಳ್ಳಿ, ಏಕೆಂದರೆ ಪಾಳಿಯಲ್ಲಿ ಉಪಕರಣಗಳ ಪರದೆ ನೋಡುತ್ತಾ ಅವೇ ಮೊದಲು ಮರೆಯುವುದು. ಜೊತೆಗೆ ನೀವು ಕಂಡ ಪ್ರತಿ ಘಟನೆಯನ್ನೂ ತಂತ್ರಜ್ಞಾನ ತಿಳಿಯದ ಅಧಿಕಾರಿಗೆ ಅರ್ಥವಾಗುವಂತೆ ಒಂದು ಪುಟ ಕನ್ನಡದಲ್ಲಿ ಬರೆದು ಅಭ್ಯಾಸ ಮಾಡಿ. ಸೇರಿದ ಮೇಲೆ ಆ ಡಿಸ್ಕು ನಿಮಗೆ ಏಳು ತಿಂಗಳಿಗಿಂತ ಬೇಗ ಸಿಗುತ್ತದೆ.